ಆಲ್ ಇನ್ ಒನ್ ಕೊಳ್ಳುವ ಮುನ್ನ

ಜೂನ್ ಬಂತೆಂದರೆ ಕುಶಾಲನಗರದ ನನ್ನ ರಿಪೇರಿ ಅಂಗಡಿಯಲ್ಲಿ ಒಂದೇ ಪ್ರಶ್ನೆ: "ಅಣ್ಣಾ, ಆಲ್ ಇನ್ ಒನ್ ತಗೊಳ್ಳೋದಾ, ಇಲ್ಲಾ ಮಾಮೂಲಿ ಡೆಸ್ಕ್‌ಟಾಪೇ ಸಾಕಾ?" ನಲವತ್ತು ಐವತ್ತು ಸಾವಿರ ರೂಪಾಯಿಯ ಮಾತು. ಬೇಕು, ಬೇಡ ಎಂದು ಒಂದೇ ಮಾತಿನಲ್ಲಿ ಹೇಳಿ ಕಳಿಸಲು ನನಗೆ ಮನಸ್ಸಾಗುವುದಿಲ್ಲ.

ಮಾನಿಟರ್‌ನ ಬೆನ್ನಿನಲ್ಲೇ ಮದರ್‌ಬೋರ್ಡ್, ಪ್ರೊಸೆಸರ್, ರ್‍ಯಾಮ್, ಸ್ಪೀಕರ್ ಎಲ್ಲವನ್ನೂ ಕೂರಿಸಿದರೆ ಅದು ಆಲ್ ಇನ್ ಒನ್. ಸಿಪಿಯು ಪೆಟ್ಟಿಗೆ ಬೇರೆ ಇರುವುದಿಲ್ಲ. ಇದೇನೂ ಹೊಸದಲ್ಲ. 1984ರಲ್ಲಿ ಆಪಲ್ ತಂದ ಮ್ಯಾಕಿಂಟಾಷ್‌ನಲ್ಲೂ 9 ಇಂಚಿನ ಪರದೆ, ಯಂತ್ರ ಎರಡೂ ಒಂದೇ ಗೂಡಿನಲ್ಲಿದ್ದವು. ಈಗ ಎಚ್‌ಪಿ, ಡೆಲ್, ಲೆನೊವೊ ಎಲ್ಲರೂ ಮಾಡುತ್ತಾರೆ. ಹೆಚ್ಚಾಗಿ ಸಿಗುವುದು 24 ಮತ್ತು 27 ಇಂಚಿನ ಆಸುಪಾಸಿನವು.

ನಮ್ಮ ಊರಿಗೆ ಇದರಿಂದ ನಿಜವಾದ ಅನುಕೂಲ ಕರೆಂಟಿನ ವಿಷಯದಲ್ಲಿ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ಹೇಳಲಾಗದು. ಆಲ್ ಇನ್ ಒನ್‌ಗಳಲ್ಲಿ ಹೆಚ್ಚಿನವು ಲ್ಯಾಪ್‌ಟಾಪಿನ ಪ್ರೊಸೆಸರ್ ಮೇಲೆ, ಲ್ಯಾಪ್‌ಟಾಪಿನಂಥದ್ದೇ ಅಡಾಪ್ಟರ್‌ನಲ್ಲಿ ಓಡುತ್ತವೆ. ಕರೆಂಟ್ ಕಡಿಮೆ ಸಾಕಾಗುವುದರಿಂದ ಅದೇ ಯುಪಿಎಸ್ ಹೆಚ್ಚು ಹೊತ್ತು ಎಳೆಯುತ್ತದೆ.

2018 ಮತ್ತು 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಸಾಯಿ ಬಡಾವಣೆ, ಕುವೆಂಪು ಬಡಾವಣೆಗಳಿಗೆ ನೀರು ನುಗ್ಗಿದ್ದನ್ನು ಇಲ್ಲಿಯವರು ಮರೆತಿಲ್ಲ. ನೆಲದ ಮೇಲಿಟ್ಟ ಸಿಪಿಯು ಮೊದಲು ನೆನೆಯುತ್ತದೆ. ಕೆಸರು ತುಂಬಿದ ಬೋರ್ಡನ್ನು ಉಳಿಸುವುದು ಬಲು ಕಷ್ಟ. ಆಲ್ ಇನ್ ಒನ್ ಆದರೆ ಎರಡು ವೈರ್ ಕಿತ್ತು ಮಗುವಿನಂತೆ ಎತ್ತಿಕೊಂಡು ಮಹಡಿ ಹತ್ತಬಹುದು. ನದಿ ದಂಡೆಯ ಮನೆಯವರಿಗೆ ಇದು ಸಣ್ಣ ಮಾತಲ್ಲ.

ಆದರೆ ಕೆಟ್ಟಾಗ ನೋಡಬೇಕು. ಮಳೆಗಾಲದ ತೇವಕ್ಕೆ ರ್‍ಯಾಮ್‌ನ ಪಿನ್‌ಗಳ ಮೇಲೆ ಮಬ್ಬು ಕೂತು ಕಂಪ್ಯೂಟರ್ ಆನ್ ಆಗದಿರುವುದು ಇಲ್ಲಿ ಪ್ರತಿ ವರ್ಷದ ಕಥೆ. ಡೆಸ್ಕ್‌ಟಾಪ್ ಆದರೆ ಎರಡು ಸ್ಕ್ರೂ ಬಿಚ್ಚಿ, ರ್‍ಯಾಮ್ ಕಿತ್ತು, ಮಕ್ಕಳು ಪೆನ್ಸಿಲ್ ಬರಹ ಅಳಿಸುವ ರಬ್ಬರ್‌ನಿಂದ ಪಿನ್ನುಗಳನ್ನು ಮೆಲ್ಲಗೆ ಉಜ್ಜಿ, ಮತ್ತೆ ಕೂರಿಸಿದರೆ ಮುಗಿಯಿತು. ಗಿರಾಕಿ ನಿಂತಿರುವಾಗಲೇ ಆಗುವ ಕೆಲಸ. ಆಲ್ ಇನ್ ಒನ್‌ನಲ್ಲಿ ಅದೇ ಕೆಲಸಕ್ಕೆ ಮೊದಲು ಪರದೆಯನ್ನು ಮೆತ್ತನೆಯ ಬಟ್ಟೆಯ ಮೇಲೆ ಮಗುಚಬೇಕು. ಅಂಚಿನ ಸಂದಿಗೆ ತೆಳ್ಳನೆಯ ಪ್ಲಾಸ್ಟಿಕ್ ತುಂಡು ತೂರಿಸಿ ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಡಿಸಬೇಕು. ಅವಸರಕ್ಕೆ ಸ್ಕ್ರೂಡ್ರೈವರ್ ತೂರಿಸಿದರೆ ಪ್ಯಾನೆಲ್ ಬಿರುಕು ಬಿಡುತ್ತದೆ. ಒಳಗೆ ಮತ್ತೊಂದು ತಗಡಿನ ಹೊದಿಕೆ, ಅದರಡಿ ರ್‍ಯಾಮ್. ಕೆಲವು ಮಾಡೆಲ್‌ಗಳಲ್ಲಿ ರ್‍ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಕೀಳುವ ಮಾತೇ ಇಲ್ಲ.

ನನಗೆ ಅತಿ ಬೇಸರ ತರುವುದು ಬೋರ್ಡ್ ಸತ್ತಾಗ. ಡೆಸ್ಕ್‌ಟಾಪಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಸಿಡಿಲಿಗೆ ಸುಟ್ಟರೆ ಯಾವ ಕಂಪನಿಯದಾದರೂ ತಂದು ಹಾಕಬಹುದು. ಆಲ್ ಇನ್ ಒನ್‌ನ ಬೋರ್ಡ್ ಆ ಮಾಡೆಲ್‌ನದೇ ಆಗಬೇಕು. ಅದಕ್ಕೆ ಮೈಸೂರಿಗೋ ಬೆಂಗಳೂರಿಗೋ ಹೇಳಿ ಕಳಿಸಿ ಕಾಯಬೇಕು, ಬೆಲೆಯೂ ಜೋರು. ಪರದೆ ಹೊಳೆಯುತ್ತಾ ಚೆನ್ನಾಗಿಯೇ ಇರುತ್ತದೆ, ಆದರೆ ಬೇರೆ ಯಂತ್ರದ ಚಿತ್ರವನ್ನು ಒಳಗೆ ತೆಗೆದುಕೊಳ್ಳುವ ಕಿಂಡಿ, ಅಂದರೆ ಎಚ್‌ಡಿಎಂಐ ಇನ್, ಇಲ್ಲದ ಮಾಡೆಲ್ ಆದರೆ ಅದನ್ನು ಬರೀ ಮಾನಿಟರ್ ಆಗಿಯೂ ಬಳಸಲಾಗದು. ಒಳ್ಳೆಯ ಪರದೆಯೊಂದು ಹೀಗೆ ಗುಜರಿಗೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಬೋರ್ಡ್ ಸಾಯದಿದ್ದರೂ ಕಾಲ ಕಾಯುವುದಿಲ್ಲ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಬೆಂಬಲ ನಿಲ್ಲಿಸಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಬಹುಮಟ್ಟಿಗೆ 8ನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಹಳೆಯ ಡೆಸ್ಕ್‌ಟಾಪ್ ಇದ್ದವರಿಗೆ ಬೋರ್ಡ್, ಪ್ರೊಸೆಸರ್, ರ್‍ಯಾಮ್ ಬದಲಿಸಿ ಮಾನಿಟರ್, ಕ್ಯಾಬಿನೆಟ್ ಉಳಿಸಿಕೊಳ್ಳುವ ದಾರಿಯಿದೆ. ಹಳೆಯ ಆಲ್ ಇನ್ ಒನ್ ಇದ್ದವರಿಗೆ ಲಿನಕ್ಸ್ ಹಾಕಿಕೊಡುತ್ತೇನೆ. ಲೆಕ್ಕಪತ್ರಕ್ಕೆ ಟ್ಯಾಲಿಯನ್ನೇ ನಂಬಿದವರಿಗೆ ಅದು ಒಗ್ಗುವುದಿಲ್ಲ.

ಹಾಗಾಗಿ ಹೋಂಸ್ಟೇ ಕೌಂಟರ್, ಡಾಕ್ಟರ ಕ್ಲಿನಿಕ್, ದೂರದಲ್ಲಿರುವ ಮಕ್ಕಳೊಡನೆ ವಿಡಿಯೋ ಕಾಲ್‌ನಲ್ಲಿ ಮಾತಾಡುವ ಹಿರಿಯರ ಮನೆ, ಇಂಥ ಕಡೆಗೆ ಆಲ್ ಇನ್ ಒನ್ ಧಾರಾಳವಾಗಿ ಕೊಳ್ಳಿ. ಡಿಟಿಪಿ ಅಂಗಡಿ, ವಿಡಿಯೋ ಎಡಿಟಿಂಗ್, ಆಟೋಕ್ಯಾಡ್ ಕಲಿಯುವ ಎಂಜಿನಿಯರಿಂಗ್ ಮಕ್ಕಳಿಗೆ ಬೇಡವೇ ಬೇಡ. ಬಿಡಿ ಭಾಗ ಜೋಡಿಸಿದ ಡೆಸ್ಕ್‌ಟಾಪೇ ಅವರ ಕೈ ಹಿಡಿಯುತ್ತದೆ.

ಕೊಳ್ಳುವುದೇ ಆದರೆ ಎಚ್‌ಡಿಎಂಐ ಇನ್ ಇದೆಯೇ, ರ್‍ಯಾಮ್ ಹೆಚ್ಚಿಸಲು ಸ್ಲಾಟ್ ಇದೆಯೇ ಎಂದು ಕೇಳಿ. ಮೂರು ವರ್ಷದ ಆನ್‌ಸೈಟ್ ವಾರಂಟಿ ಸಿಕ್ಕರೆ ಸ್ವಲ್ಪ ದುಡ್ಡು ಹೆಚ್ಚಾದರೂ ತೆಗೆದುಕೊಳ್ಳಿ. ಆದರೆ ಆ ಸೇವೆ 571234 ಪಿನ್‌ಕೋಡಿಗೆ, ನಮ್ಮ ಕುಶಾಲನಗರಕ್ಕೆ, ಮನೆ ಬಾಗಿಲಿಗೆ ಬರುತ್ತದೆಯೇ ಎಂದು ಅಂಗಡಿಯವರಿಂದ ಬಿಲ್ಲಿನ ಮೇಲೆ ಬರೆಸಿಕೊಂಡೇ ಹಣ ಕೊಡಿ.