ತಿದ್ದಿದ ಕೋವಿ, ಕಳೆಯದ ಅಸಲಿತನ

ಅಜ್ಜನ ಕಾಲದ ರೈಫಲ್ಲೊಂದು ಮೊಮ್ಮಕ್ಕಳ ಕೈಗೆ ಬಂದಾಗ ಮೊದಲು ಏಳುವ ಪ್ರಶ್ನೆ ‘ಇದು ಒರಿಜಿನಲ್ಲೇ?’ ಎಂಬುದು. 2019ರ ಶಸ್ತ್ರಾಸ್ತ್ರ ತಿದ್ದುಪಡಿ ಕಾಯ್ದೆ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಪಿತ್ರಾರ್ಜಿತವಾಗಿ ಬಂದವಕ್ಕೂ ಅದೇ ಮಿತಿ. ಹೀಗಾಗಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಒಪ್ಪಿಸಬೇಕು ಎಂದು ಮನೆಮಂದಿ ಕೂತು ತೀರ್ಮಾನಿಸಬೇಕಾಗಿದೆ. ನಳಿಗೆ ಬದಲಾಗಿದೆ, ಹಿಡಿಯ ಮರ ಹೊಸದು ಎಂದು ತಿಳಿದೊಡನೆ ‘ಹಾಗಾದರೆ ಒರಿಜಿನಲ್ ಅಲ್ಲ’ ಎಂದು ಕೈಬಿಡುವುದು ರೂಢಿ. ಈ ತೀರ್ಪು ಅವಸರದ್ದು ಎಂಬುದು ನನ್ನ ವಾದ. ಹಳೆಯ ವಸ್ತುವಿನ ಅಸಲಿತನವನ್ನು ಇಡಿಯಾಗಿ ಒಂದೇ ಮಾತಿನಲ್ಲಿ ಹೇಳಲಾಗದು. ಭಾಗ ಭಾಗವಾಗಿ ನೋಡಿ, ಪ್ರತಿ ಬದಲಾವಣೆಯ ಕಾಲವನ್ನೂ ಕಾರಣವನ್ನೂ ಕೇಳಬೇಕು.

ಹರಿಹರದ ಹರಿಹರೇಶ್ವರ ದೇವಾಲಯವನ್ನು ನಾವು ನೋಡುವುದು ಹೀಗೆಯೇ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಅದನ್ನು 1224ರ ಸುಮಾರಿಗೆ ಕಟ್ಟಿಸಿದ. 1268ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕ ಸೋಮ ಅದಕ್ಕೆ ಇನ್ನಷ್ಟು ಸೇರಿಸಿದ. ಗರ್ಭಗುಡಿಯ ಮೇಲಿನ ಮೂಲ ಶಿಖರ ಉಳಿದಿಲ್ಲ; ಈಗ ಇರುವುದು ಇಟ್ಟಿಗೆ ಗಾರೆಯದು. ಹಾಗೆಂದು ಈ ಗುಡಿ ಹೊಯ್ಸಳರದಲ್ಲ ಎಂದು ಯಾರೂ ಹೇಳುವುದಿಲ್ಲ, ಶಿಖರವೂ ಹೊಯ್ಸಳರದೇ ಎಂದೂ ಹೇಳುವುದಿಲ್ಲ. ಕಂಬಕ್ಕೆ ಒಂದು ಕಾಲ, ಶಿಖರಕ್ಕೆ ಇನ್ನೊಂದು ಕಾಲ ಎಂದು ಗುರುತಿಸಿ ಎರಡನ್ನೂ ಒಪ್ಪಿಕೊಂಡಿದ್ದೇವೆ. ಕಲ್ಲಿಗೆ ತೋರಿಸುವ ಈ ನ್ಯಾಯ ಕಬ್ಬಿಣಕ್ಕೂ ಸಲ್ಲಬೇಕು.

ಉದಾಹರಣೆಗೆ ಲಿವರ್ ರೈಫಲ್ ನೋಡೋಣ. ಅದೆಂದರೆ ಟ್ರಿಗರ್ ಸುತ್ತಲಿನ ಬಳೆಯಂಥ ಸನ್ನೆಯನ್ನು ಕೆಳಗೆಳೆದು ಮೇಲೊತ್ತಿದಾಗ ಖಾಲಿ ತೋಟಾ ಹೊರಬಿದ್ದು ಹೊಸದು ಒಳಸೇರುವ ಬಂದೂಕು. ಕನ್ನಡ ಓದುಗರಿಗೆ ಇದರ ಪರಿಚಯ ಬೇಟೆಗಾರ ಲೇಖಕ ಕೆನೆತ್ ಆಂಡರ್ಸನ್ ಮೂಲಕ, ಅವರನ್ನು ಕನ್ನಡಕ್ಕೆ ತಂದ ಪೂರ್ಣಚಂದ್ರ ತೇಜಸ್ವಿ ಮೂಲಕ ಆಗಿದೆ. ಆಂಡರ್ಸನ್ ಕೈಯಲ್ಲಿದ್ದದ್ದು .405 ಬೋರಿನ ವಿಂಚೆಸ್ಟರ್, 1895ರ ಮಾದರಿ. 1954ರ ಅವರ ಮೊದಲ ಪುಸ್ತಕದಲ್ಲಿ ಹೊಸದುರ್ಗ–ಹೊಳಲ್ಕೆರೆಯ ನರಭಕ್ಷಕ ಹುಲಿಯ ಕಥೆಯೂ ಇದೆ. ಜಾನ್ ಬ್ರೌನಿಂಗ್ ರೂಪಿಸಿದ ಈ 1895ರ ಮಾದರಿ ಸುಮಾರು 4 ಲಕ್ಷ 26 ಸಾವಿರ ತಯಾರಾಯಿತು. ಅದರಲ್ಲಿ ಸುಮಾರು 3 ಲಕ್ಷ ಮೊದಲ ಮಹಾಯುದ್ಧದ ಹೊತ್ತಿಗೆ ರಷ್ಯಾದ ಸೇನೆಗೆ ಹೋದವು. .405 ತೋಟಾ ಬಂದದ್ದು 1904ರಲ್ಲಿ. ಪರೀಕ್ಷೆ ಶುರುವಾಗುವುದು ಇಂಥ ವಿವರಗಳಿಂದಲೇ. .405 ನಳಿಗೆ ಹೊತ್ತ ರೈಫಲ್ಲಿನ ಸರಣಿ ಸಂಖ್ಯೆ 1904ಕ್ಕಿಂತ ಹಿಂದಿನದಾದರೆ ನಳಿಗೆ ಆಮೇಲೆ ಕೂತದ್ದು. ವಿಂಚೆಸ್ಟರ್ ಕಂಪನಿ ‘ಡಬ್ಲ್ಯು ಪಿ’ ಎಂಬ ಪರೀಕ್ಷಾ ಮುದ್ರೆ ಒತ್ತತೊಡಗಿದ್ದು 1905ರಲ್ಲಿ. ಅದಕ್ಕೂ ಹಳೆಯ ರೈಫಲ್ಲಿನ ನಳಿಗೆಯಲ್ಲಿ ಆ ಮುದ್ರೆ ಕಂಡರೆ ಅದಕ್ಕೂ ಕಾರಣ ಹುಡುಕಬೇಕು. ರಿಸೀವರ್ (ನಳಿಗೆ ಕೂರುವ ಲೋಹದ ಭಾಗ) ಮೇಲೆ ತೋಟಾ ಕ್ಲಿಪ್ಪಿನ ಹಳಿಗಳನ್ನು ಕಿತ್ತ ಗುರುತಿದ್ದರೆ ಅದು ರಷ್ಯಾದ ಸೈನಿಕನಿಗೆಂದು ಹುಟ್ಟಿ ಬೇಟೆಗಾರನ ಕೈಗೆ ಬಂದ ಕೋವಿಯಾಗಿರಬಹುದು.

ಕಾಗದಕ್ಕಿಂತ ಮೊದಲು ಲೋಹವನ್ನೇ ಓದಬೇಕು. ಒತ್ತಿದ ಅಕ್ಷರದ ಅಂಚು ಚೂಪಾಗಿರಬೇಕು. ಅಂಚು ಕರಗಿ ಅಕ್ಷರ ತೆಳುವಾಗಿದ್ದರೆ ಎಮರಿ ಕಾಗದ ಆಡಿದೆ ಎಂದರ್ಥ. ಸ್ಕ್ರೂ ತಲೆಯ ಸೀಳು ಹರಿದಿದ್ದರೆ ಒಳಗೆ ಯಾರೋ ಕೈಯಾಡಿಸಿದ್ದಾರೆ. ಕಾರ್ಖಾನೆಯಿಂದ ಬಂದಾಗ ಮರ ಲೋಹಕ್ಕಿಂತ ಕೂದಲೆಳೆಯಷ್ಟು ಎತ್ತರದಲ್ಲಿ ಕೂತಿರುತ್ತದೆ. ಉಜ್ಜಿ ಪಾಲಿಶ್ ಮಾಡಿದ ಮೇಲೆ ಅದು ಲೋಹಕ್ಕಿಂತ ತಗ್ಗುತ್ತದೆ. ಕಡಿದ ನಳಿಗೆಯ ಬಾಯಲ್ಲಿ ಹೊಸ ಕತ್ತರಿಕೆಯ ಗೀರು ಸಿಗುತ್ತದೆ. ಇದನ್ನು ಕಾಣಲು ಬೇಕಾದ ಕಣ್ಣು ಆ ಗುಡಿಯ ಊರಾದ ಹರಿಹರಕ್ಕೆ ಹೊಸದಲ್ಲ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಂಪನಿ ಲೇತ್ ಯಂತ್ರಗಳನ್ನು ಮಾಡಿದ ಊರಿದು. ಉಳಿ ಯಾವ ದಿಕ್ಕಿಗೆ ಓಡಿದೆ, ಥ್ರೆಡ್ ಹೇಗೆ ಕಡಿದಿದೆ ಎಂಬುದನ್ನು ಅನುಭವಿ ಟರ್ನರ್ ನೋಡಿದರೆ ಹೇಳಬಲ್ಲ.

ಬದಲಾವಣೆಯ ಹಿಂದೆ ಕಾರಣಗಳೂ ಇರುತ್ತವೆ. ಸೇನೆಯ .303 ತೋಟಾ ನಮ್ಮಲ್ಲಿ ನಾಗರಿಕರಿಗೆ ನಿಷಿದ್ಧ; .315 ಬೋರಿನ ರೈಫಲ್ ಬಳಕೆಗೆ ಬಂದದ್ದು ಅದರಿಂದಲೇ. 1895ರ ಮಾದರಿ .303 ಬೋರಿನಲ್ಲೂ ತಯಾರಾಗಿತ್ತು. ಅಂಥ ಕೋವಿಯೊಂದರ ನಳಿಗೆಯನ್ನು ಕಾನೂನಿಗೆ ತಲೆಬಾಗಿ ಬದಲಿಸಿದ್ದರೆ, ಆ ಬದಲಿ ನಳಿಗೆ ಈ ದೇಶದ ಚರಿತ್ರೆಗೇ ಸಾಕ್ಷಿ.

ಇದಕ್ಕೆ ಆಕ್ಷೇಪಗಳಿವೆ. ತಿದ್ದಿದ್ದನ್ನೂ ಒಪ್ಪಿಕೊಂಡರೆ ಮೋಸಗಾರರಿಗೆ ದಾರಿ ತೆರೆದಂತಾಗುವುದಿಲ್ಲವೇ ಎಂಬುದು ಮೊದಲನೆಯದು. ತಿದ್ದುಪಡಿ ಬೇರೆ, ವಂಚನೆ ಬೇರೆ. ಸಂಖ್ಯೆ ಅಳಿಸಿ ಮತ್ತೆ ಕೊರೆದದ್ದು, ಸುಳ್ಳು ಮುದ್ರೆ ಒತ್ತಿದ್ದು, ಜಪಾನಿನ ಮಿರೋಕು ಕಂಪನಿ ಇತ್ತೀಚಿನ ದಶಕಗಳಲ್ಲಿ ಮಾಡಿದ ಮರುತಯಾರಿಕೆಯನ್ನು ಶತಮಾನದ ಹಿಂದಿನದೆಂದು ಮಾರುವುದು ವಂಚನೆ. ಬದಲಾವಣೆಗಳನ್ನು ಬಿಡಿಸಿ ಬರೆದಿಡುವ ಪದ್ಧತಿ ಬಂದರೆ ಇಂಥವಕ್ಕೆ ಅಡಗಲು ಜಾಗ ಕಡಿಮೆಯಾಗುತ್ತದೆ. ತಿದ್ದಿದ ಕೋವಿಗೆ ಬೆಲೆ ಕಡಿಮೆ ಎಂಬುದು ಎರಡನೆಯದು. ಸಂಗ್ರಾಹಕರ ಮಾರುಕಟ್ಟೆಯಲ್ಲಿ ಅದು ನಿಜ, ಆದರೆ ಮಾರುಕಟ್ಟೆ ಕಟ್ಟುವ ಬೆಲೆಯೇ ಚರಿತ್ರೆಯ ಬೆಲೆಯಲ್ಲ. ಮನೆತನದ ಮಾತೇ ಸಾಕು, ಇಷ್ಟೆಲ್ಲ ಪರೀಕ್ಷೆ ಯಾಕೆ ಎಂಬುದು ಮೂರನೆಯದು. ಸಾಲದು. .405 ವಿಂಚೆಸ್ಟರ್ ಇದ್ದ ಮಾತ್ರಕ್ಕೆ ಅದು ಆಂಡರ್ಸನ್ನರ ಕೋವಿಯಾಗುವುದಿಲ್ಲ. ಬಾಯಿಮಾತಿಗೆ ಲೈಸೆನ್ಸ್ ಪುಸ್ತಕದ ಬಲ ಬೇಕು. ಅದರಲ್ಲಿ ತಯಾರಕರ ಹೆಸರು, ಬೋರು, ಸಂಖ್ಯೆ ಇರುತ್ತವೆ. ಹಳೆಯ ಪುಸ್ತಕದಲ್ಲಿ ಒಂದು ಬೋರು, ಹೊಸದರಲ್ಲಿ ಇನ್ನೊಂದು ಇದ್ದರೆ ನಳಿಗೆ ಬದಲಾದ ಕಾಲವೇ ಸಿಕ್ಕಂತೆ. ಅಮೆರಿಕದ ಕೋಡಿ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ ವಿಂಚೆಸ್ಟರ್ ಕಾರ್ಖಾನೆಯ ಹಳೆಯ ದಾಖಲೆಗಳಿವೆ. ಎಲ್ಲ ಸಂಖ್ಯೆಗಳಿಗೂ ಅಲ್ಲದಿದ್ದರೂ ಹಲವಕ್ಕೆ ಅಲ್ಲಿ ಉತ್ತರ ಸಿಗುತ್ತದೆ.

ಇಂಥ ಕೋವಿ ಇರುವ ಮನೆಯವರು ಮೊದಲು ಮಾಡಬೇಕಾದದ್ದು ಏನನ್ನೂ ಮಾಡದಿರುವುದು: ಉಜ್ಜಬೇಡಿ, ಹೊಸ ಬಣ್ಣ ಕೊಡಿಸಬೇಡಿ. ಪರವಾನಗಿ ಇಲ್ಲದೆ ನಳಿಗೆ ಕಡಿಸುವುದಂತೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಎಷ್ಟೇ ಹಳೆಯದಾದರೂ ಗುಂಡು ಹಾರಿಸಬಲ್ಲ ಕೋವಿಗೆ ಸಾಮಾನ್ಯವಾಗಿ ಲೈಸೆನ್ಸ್ ಬೇಕಾಗುತ್ತದೆ. ಒಪ್ಪಿಸುವುದೇ ಆದರೂ ಮೊದಲು ಪ್ರತಿ ಮುದ್ರೆಯ ಫೋಟೊ ತೆಗೆಯಿರಿ, ಹಳೆಯ ಲೈಸೆನ್ಸ್ ಪುಸ್ತಕ ಜೋಪಾನ ಮಾಡಿ. ಮೂಲ ಭಾಗ ಯಾವುದು, ಬದಲಾದದ್ದು ಯಾವುದು, ತಿಳಿಯದ್ದು ಯಾವುದು ಎಂದು ಮೂರು ಸಾಲಾಗಿ ಬರೆದಿಡಿ. ಆ ಮೂರನೆಯ ಸಾಲಿನವಕ್ಕೆ ಊಹೆಯ ಉತ್ತರ ಬರೆಯದೆ ಹಾಗೇ ಬಿಡುವ ಪ್ರಾಮಾಣಿಕತೆ ಇದ್ದರೆ ಮೊದಲ ಎರಡು ಸಾಲನ್ನು ಮುಂದಿನವರು ನಂಬುತ್ತಾರೆ.