ಈಸ್ಟರ್ ಹಬ್ಬ ಅಂದ್ರೆ ಏನು?

ಗುಡ್ ಫ್ರೈಡೇ ದಿನ ಕೆಲವರು ನನಗೆ "ಹಬ್ಬದ ಶುಭಾಶಯ" ಅಂತಾರೆ. ಆದರೆ ಅದು ಯೇಸುಸ್ವಾಮಿಯನ್ನು ಶಿಲುಬೆಗೆ ಹಾಕಿದ ದಿನ. ಅವತ್ತು ನಮಗೆ ಉಪವಾಸ. ಚರ್ಚಿನ ಗಂಟೆ ಸಹ ಬಾರಿಸುವುದಿಲ್ಲ. ಮೂರನೆಯ ದಿನ, ಅಂದರೆ ಐತವಾರ, ಯೇಸುಸ್ವಾಮಿ ಸಮಾಧಿಯಿಂದ ಎದ್ದು ಬಂದರು ಎಂಬುದು ನಮ್ಮ ನಂಬಿಕೆ. ಅದೇ ಈಸ್ಟರ್ ಹಬ್ಬ.

ಯುಗಾದಿಯ ಹಾಗೆ ಇದಕ್ಕೂ ಚಂದ್ರನ ಲೆಕ್ಕ ಇದೆ. ಮಾರ್ಚ್ 21 ಅಥವಾ ಅದರ ನಂತರದ ಮೊದಲ ಹುಣ್ಣಿಮೆ ಆದ ಮೇಲೆ ಬರುವ ಐತವಾರವೇ ಈಸ್ಟರ್. ಅದಕ್ಕೇ 2024ರಲ್ಲಿ ಮಾರ್ಚ್ 31ಕ್ಕೆ, 2025ರಲ್ಲಿ ಏಪ್ರಿಲ್ 20ಕ್ಕೆ ಬಂತು.

ನಮ್ಮ ಜಿಲ್ಲೆಗೆ ಈ ಹಬ್ಬ ಹೊಸದಲ್ಲ. ಮುದಗಲ್ಲಿನಲ್ಲಿ ಆದಿಲ್‌ಶಾಹಿ ಕಾಲದಿಂದಲೂ ಕ್ರೈಸ್ತರಿದ್ದಾರೆ. ರಾಯಚೂರು, ಮಾನ್ವಿಯಲ್ಲೂ ಚರ್ಚುಗಳಿವೆ.

ಹಬ್ಬದ ಹಿಂದಿನ ರಾತ್ರಿ ಚರ್ಚಿನ ದೀಪ ಆರಿಸುತ್ತಾರೆ. ಹೊರಗೆ ಹೊಸ ಬೆಂಕಿ ಮಾಡಿ, ಅದರಿಂದ ಒಂದು ದೊಡ್ಡ ಮೇಣದ ಬತ್ತಿ ಹಚ್ಚುತ್ತಾರೆ. ಅದರ ಮೇಲೆ ಆ ವರ್ಷದ ಅಂಕಿ ಇರುತ್ತದೆ. ಒಬ್ಬರ ಬತ್ತಿಯಿಂದ ಇನ್ನೊಬ್ಬರು ಹಚ್ಚಿಕೊಳ್ಳುತ್ತ ಚರ್ಚೆಲ್ಲ ಬೆಳಕಾಗುತ್ತದೆ.

ಮಗುವಿಗೆ ದೀಕ್ಷಾಸ್ನಾನ ಕೊಡುವಾಗ ಆ ದೊಡ್ಡ ಬತ್ತಿಯನ್ನೇ ಹಚ್ಚುತ್ತಾರೆ. ಸತ್ತವರ ಪೆಟ್ಟಿಗೆಯ ಹತ್ತಿರವೂ ಅದೇ. ನಮ್ಮಜ್ಜಿ ತೀರಿದಾಗ "ಹಬ್ಬದ ಬತ್ತಿ ಇಲ್ಲಿ ಯಾಕವ್ವ?" ಅಂತ ಕೇಳಿದೆ. "ಅಜ್ಜಿನೂ ಒಂದಿನ ಏಳ್ತಾಳ, ಅದಕ್ಕ" ಅಂದಳು ಅವ್ವ. ಹಂಗಂದು ಮತ್ತೆ ಅತ್ತಳು. ಬೈಬಲಿನಲ್ಲಿ ಮಗ್ದಲದ ಮರಿಯಳೂ ಸಮಾಧಿ ಹತ್ತಿರ ಅಳುತ್ತ ನಿಂತಿದ್ದಳು. ಎದ್ದು ಬಂದ ಯೇಸುಸ್ವಾಮಿ ಅವಳನ್ನು ಹೆಸರು ಹಿಡಿದು ಕರೆದರು.

ಇನ್ನು ಮುಂದೆ ಶುಭಾಶಯವನ್ನು ಈಸ್ಟರ್ ದಿನ ಹೇಳ್ರಿ. ಮನೆಗೂ ಬರ್ರಿ.

– 7ನೇ ತರಗತಿ