ಗೂಢಲೇಖನದ ಕಡತಗಳಲ್ಲಿ ಯೌಗಪದ್ಯದೋಷ ಮತ್ತು ಅದರ ಪರಿಹಾರ

ಸಿಂಧನೂರಿಗೂ ಲಿಂಗಸುಗೂರಿಗೂ ನಡುವಣ ಮಾರ್ಗದಲ್ಲಿರುವ ಮಸ್ಕಿಯ ಬೆಟ್ಟದಲ್ಲಿ ಅಶೋಕನ ಶಾಸನವನ್ನು ೧೯೧೫ರಲ್ಲಿ ಚಿನ್ನದ ಗಣಿಯ ಎಂಜಿನಿಯರಾಗಿದ್ದ ಸಿ. ಬೀಡನ್ ಎಂಬವರು ಕಂಡುಹಿಡಿದುದೂ, ಅದನ್ನು ಎಚ್. ಕೃಷ್ಣಶಾಸ್ತ್ರಿಗಳು ಸಂಪಾದಿಸಿದುದೂ ವಿದ್ವಾಂಸರಿಗೆ ವಿದಿತವೇ ಆಗಿದೆ. ಆ ಬಂಡೆಯ ಮೇಲಣ ಅಕ್ಷರಗಳಲ್ಲಿ ಕೆಲವು ಸವೆದುಹೋಗಿವೆ. ಆದರೂ ಉಳಿದ ಅಕ್ಷರಗಳು ಓದಿಗೆ ದೊರೆಯುತ್ತವೆ; ೧೮೯೨ರಲ್ಲಿ ಬಿ. ಎಲ್. ರೈಸರು ಬೆಳಕಿಗೆ ತಂದ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಪಾಠಗಳೊಡನೆ ಹೋಲಿಸಿ ಲುಪ್ತಸ್ಥಳಗಳನ್ನು ಊಹಿಸಲೂ ಬರುತ್ತದೆ. ಶಿಲಾಲೇಖದಲ್ಲಿ ಒಂದು ಅಕ್ಷರವು ಅಳಿದರೆ ಆ ಅಕ್ಷರವೊಂದೇ ಅಳಿಯುವುದು. ಗಣಕಯಂತ್ರದಲ್ಲಿ ಗೂಢಲೇಖನದ ರೂಪದಿಂದ ಇರಿಸಿದ ಗ್ರಂಥಗಳಿಗಾದರೋ ಈ ಸೌಲಭ್ಯವಿಲ್ಲ. ಅದಕ್ಕೆ ಕಾರಣವೇನು, ಇಬ್ಬರು ಏಕಕಾಲದಲ್ಲಿ ಬರೆಯುವುದರಿಂದ ಅಲ್ಲಿ ಹುಟ್ಟುವ ದೋಷವೆಂತಹುದು, ಅದರ ಪರಿಹಾರವೇನು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಬರಹವನ್ನು ಕೀಲಿಯಿಲ್ಲದವರಿಗೆ ಅರ್ಥವಾಗದಂತೆ ಮಾರ್ಪಡಿಸಿ ಇಡುವುದು ಗೂಢಲೇಖನ. ಇದಕ್ಕಾಗಿ ಈಗ ಹೆಚ್ಚಾಗಿ ಬಳಕೆಯಲ್ಲಿರುವ ವಿಧಾನವು ೨೦೦೧ರಲ್ಲಿ ಅಮೆರಿಕೆಯಲ್ಲಿ ಪ್ರಮಾಣೀಕೃತವಾದ ಎಇಎಸ್ ಎಂಬುದು. ಅದನ್ನು ಆಶ್ರಯಿಸಿದ ತಂತ್ರಾಂಶಗಳಲ್ಲಿ ಗೋಕ್ರಿಪ್ಟ್‌ಎಫ್‌ಎಸ್ ಎಂಬುದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದು ಪ್ರತಿಯೊಂದು ಕಡತವನ್ನೂ ೪೦೯೬ ಬೈಟುಗಳ ಖಂಡಗಳಾಗಿ ವಿಭಾಗಿಸಿ, ಒಂದೊಂದು ಖಂಡವನ್ನೂ ಬೇರೆ ಬೇರೆಯಾಗಿ ಗೂಢಗೊಳಿಸುತ್ತದೆ. ಪ್ರತಿ ಖಂಡದೊಡನೆಯೂ ೧೬ ಬೈಟುಗಳ ಒಂದು ಯಾದೃಚ್ಛಿಕ ಸಂಖ್ಯೆಯೂ, ೧೬ ಬೈಟುಗಳ ಒಂದು ಮುದ್ರೆಯೂ ಸೇರಿ, ತಟ್ಟೆಯ ಮೇಲೆ ಅದು ೪೧೨೮ ಬೈಟುಗಳಾಗುತ್ತದೆ. ಕಡತದ ಮೊದಲಲ್ಲಿ ೧೮ ಬೈಟುಗಳ ತಲೆಬರಹವಿದ್ದು, ಅದರಲ್ಲಿ ೧೬ ಬೈಟುಗಳು ಆ ಕಡತದ ಗುರುತಾಗಿರುತ್ತವೆ. ಖಂಡದ ಪಾಠ, ಅದರ ಕ್ರಮಸಂಖ್ಯೆ, ಕಡತದ ಗುರುತು ಇವೆಲ್ಲವೂ ಹೊಂದಿದರೆ ಮಾತ್ರ ಮುದ್ರೆಯು ಒಪ್ಪುವುದು. ಒಂದೇ ಒಂದು ಬಿಟ್ಟು ವ್ಯತ್ಯಾಸವಾದರೂ ಖಂಡವೆಲ್ಲವೂ ತಿರಸ್ಕೃತವಾಗುವುದು. ಕನ್ನಡದ ಒಂದೊಂದು ಲಿಪಿಚಿಹ್ನೆಯೂ ಯುಟಿಎಫ್-೮ ಕ್ರಮದಲ್ಲಿ ೩ ಬೈಟುಗಳನ್ನು ಹಿಡಿಯುವುದರಿಂದ, ಒಂದು ಖಂಡವು ಕೆಟ್ಟಿತೆಂದರೆ ೧೩೦೦ಕ್ಕೂ ಮೀರಿದ ಚಿಹ್ನೆಗಳು ಒಮ್ಮೆಗೇ ಕಾಣದಾಗುವುವು.

ಇನ್ನು ಯೌಗಪದ್ಯದೋಷವನ್ನು ವಿಚಾರಿಸೋಣ. ಮಸ್ಕಿಯ ಒಂದು ಗಣಕಯಂತ್ರದಲ್ಲಿ ಶಾಸನಗಳ ಪಾಠಾಂತರಗಳ ಕಡತವೊಂದು ಗೂಢರೂಪದಲ್ಲಿದೆಯೆಂದೂ, ಸಿಂಧನೂರಿನ ಅಧ್ಯಾಪಕರೊಬ್ಬರೂ ಲಿಂಗಸುಗೂರಿನ ಅಧ್ಯಾಪಕರೊಬ್ಬರೂ ಜಾಲದ ಮೂಲಕ ಅದನ್ನು ಏಕಕಾಲದಲ್ಲಿ ತಿದ್ದುತ್ತಿರುವರೆಂದೂ ಕಲ್ಪಿಸಿಕೊಳ್ಳೋಣ. ಗೂಢಗೊಳಿಸದ ಕಡತದಲ್ಲಿ ಒಬ್ಬರು ಮೂರನೆಯ ಸಾಲಿನ ಒಂದು ಅಕ್ಷರವನ್ನೂ, ಮತ್ತೊಬ್ಬರು ಏಳನೆಯ ಸಾಲಿನ ಒಂದು ಅಕ್ಷರವನ್ನೂ ಸ್ಥಾನದಲ್ಲಿಯೇ ಬದಲಾಯಿಸಿದರೆ ಎರಡೂ ಉಳಿಯುವುವು. ಗೂಢಕಡತದಲ್ಲಿ ಹಾಗಲ್ಲ. ಒಂದು ಅಕ್ಷರವನ್ನು ಬದಲಾಯಿಸಬೇಕಾದರೂ ತಂತ್ರಾಂಶವು ಇಡೀ ಖಂಡವನ್ನು ಓದಿ, ಬಿಡಿಸಿ, ತಿದ್ದಿ, ಮತ್ತೆ ಗೂಢಗೊಳಿಸಿ, ಮುದ್ರೆಯೊತ್ತಿ ಬರೆಯಬೇಕು. ಇಬ್ಬರ ಪರವಾಗಿಯೂ ಹಳೆಯ ಖಂಡವೇ ಓದಲ್ಪಟ್ಟರೆ, ಮೊದಲನೆಯವರ ತಿದ್ದುಪಡಿಯನ್ನು ಕಾಣದ ಎರಡನೆಯ ಪ್ರತಿಯು ಅದರ ಮೇಲೆ ಬಂದು ಕುಳಿತುಕೊಳ್ಳುವುದು. ಮುದ್ರೆಯು ಸರಿಯಾಗಿಯೇ ಇರುವುದರಿಂದ ಈ ನಷ್ಟವು ಯಾರ ಗಮನಕ್ಕೂ ಬಾರದು.

ಪಾಣಿನೀಯದಲ್ಲಿ ಸಮಬಲವುಳ್ಳ ಎರಡು ಸೂತ್ರಗಳು ಒಂದೇ ಸ್ಥಳದಲ್ಲಿ ಯುಗಪತ್ ಪ್ರಾಪ್ತವಾದರೆ ಪರಸೂತ್ರವೇ ಪ್ರವರ್ತಿಸತಕ್ಕದ್ದೆಂಬ ನಿಯಮವುಂಟು. ಇಲ್ಲಿಯೂ ಪರವಾದುದೇ ಗೆಲ್ಲುವುದೆಂಬುದು ನಿಜ. ಆದರೆ ಅಲ್ಲಿ ವಿರೋಧವನ್ನು ಅರಿತು ಮಾಡಿದ ನಿರ್ಣಯವಿದೆ. ಇಲ್ಲಿ ವಿರೋಧವಿತ್ತೆಂಬುದೇ ಗೊತ್ತಾಗದು. ವಸ್ತುತಃ ಈ ಇಬ್ಬರು ಅಧ್ಯಾಪಕರ ತಿದ್ದುಪಡಿಗಳಲ್ಲಿ ವಿರೋಧವೇ ಇರಲಿಲ್ಲ. ಖಂಡವು ಒಂದೇ ಆದುದರಿಂದ ಅದು ಆರೋಪಿತವಾಯಿತು.

ಇದಕ್ಕಿಂತಲೂ ಕ್ರೂರವಾದ ದೋಷವು ಕಡತದ ಜನ್ಮಕಾಲದಲ್ಲಿ ಸಂಭವಿಸಬಲ್ಲದು. ಬರಿದಾದ ಕಡತಕ್ಕೆ ಮೊದಲನೆಯ ಬಾರಿ ಬರೆಯುವಾಗಲೇ ಅದರ ಗುರುತು ನಿರ್ಮಿತವಾಗುವುದು. ಇಬ್ಬರು ಒಟ್ಟಿಗೆ ಬರೆಯತೊಡಗಿ ಎರಡು ಗುರುತುಗಳು ಹುಟ್ಟಿದರೆ, ತಲೆಬರಹದಲ್ಲಿ ಒಂದೇ ಉಳಿಯುವುದು. ಮತ್ತೊಂದರ ಹೆಸರಿನಲ್ಲಿ ಮುದ್ರಿತವಾದ ಖಂಡಗಳನ್ನು ಕೀಲಿಯಿದ್ದರೂ ತೆರೆಯಲಾಗದು. ಬೀಗವು ಕಳ್ಳನನ್ನು ತಡೆಯುವಂತೆಯೇ ಯಜಮಾನನನ್ನೂ ತಡೆಯುವುದು.

ಪರಿಹಾರದ ಮೂಲತತ್ತ್ವವು ಪರಸ್ಪರವರ್ಜನ, ಅಂದರೆ ಒಬ್ಬನು ಕಾರ್ಯನಿರತನಾಗಿರುವಾಗ ಮತ್ತೊಬ್ಬನು ಹೊರಗೆ ಕಾದಿರುವುದು. ಇದನ್ನು ೧೯೬೫ರಲ್ಲಿಯೇ ಡೈಕ್‌ಸ್ಟ್ರ ಎಂಬ ಡಚ್ಚರ ಪಂಡಿತನು ಶಾಸ್ತ್ರೀಯವಾಗಿ ಪ್ರತಿಪಾದಿಸಿದನು. ಆದರೆ ತಡೆಯನ್ನು ಎಲ್ಲಿ ಇಡಬೇಕೆಂಬುದರಲ್ಲಿ ಸೂಕ್ಷ್ಮವುಂಟು. ಕಡತವನ್ನು ತೆರೆದ ಪ್ರತಿಯೊಬ್ಬರಿಗೂ ಒಂದೊಂದು ತಡೆಯನ್ನು ಕೊಟ್ಟರೆ, ಒಂದೇ ಮನೆಯ ಎರಡು ಬಾಗಿಲುಗಳಿಗೆ ಇಬ್ಬರು ಕಾವಲುಗಾರರನ್ನು ನಿಲ್ಲಿಸಿದಂತಾಗುವುದು. ಒಬ್ಬನು ಒಳಕ್ಕೆ ಬಿಟ್ಟುದನ್ನು ಮತ್ತೊಬ್ಬನು ಅರಿಯನು. ಆದುದರಿಂದ ತಡೆಯು ತೆರೆದವನಿಗಲ್ಲದೆ ಕಡತಕ್ಕೇ ಸೇರಿರಬೇಕು. ಗೋಕ್ರಿಪ್ಟ್‌ಎಫ್‌ಎಸ್ ತೆರೆದ ಕಡತಗಳ ಒಂದು ಪಟ್ಟಿಯನ್ನು ಇಟ್ಟುಕೊಂಡು, ಪ್ರತಿ ಕಡತಕ್ಕೂ ಪಾಠವನ್ನು ಕಾಯುವ ಒಂದು ತಡೆಯನ್ನೂ, ಗುರುತನ್ನು ಕಾಯುವ ಮತ್ತೊಂದನ್ನೂ ಏರ್ಪಡಿಸಿದೆ. ಓದುವವರು ಹಲವರು ಒಟ್ಟಿಗೆ ಇರಬಹುದು, ಬರೆಯುವವನು ಏಕಾಕಿಯಾಗಿರತಕ್ಕದ್ದು.

ಇಂತಹ ಹೊಣೆಯನ್ನು ಒಂದೊಂದು ತಂತ್ರಾಂಶವೂ ತಾನೇ ಹೊರುವುದಕ್ಕಿಂತ, ಅನೇಕ ತಂತ್ರಾಂಶಗಳು ಆಶ್ರಯಿಸುವ ಲೈಬ್ರರಿಯೇ ಹೊರುವುದು ಶ್ರೇಯಸ್ಕರ. ಗೂಢಲೇಖನಕ್ಕೆ ಪ್ರಸಿದ್ಧವಾದ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯಲ್ಲಿ ಬಹುಕಾಲ ತಡೆಗಳನ್ನು ಒದಗಿಸುವ ಭಾರವು ಅದನ್ನು ಬಳಸುವವರ ಮೇಲೆಯೇ ಇತ್ತು. ಮರೆತವರ ತಂತ್ರಾಂಶವು ಯಾವಾಗಲೋ ಒಮ್ಮೆ ಕೆಡುತ್ತಿತ್ತು. ೨೦೧೬ರಲ್ಲಿ ಹೊರಬಂದ ೧.೧.೦ ಆವೃತ್ತಿಯಿಂದ ಆ ಭಾರವನ್ನು ಲೈಬ್ರರಿಯೇ ವಹಿಸಿಕೊಂಡಿತು. ಇಂತಹ ದೋಷಗಳು ಎಷ್ಟು ಕಾಲ ಅಡಗಿರಬಲ್ಲುವೆಂಬುದಕ್ಕೆ ಡರ್ಟಿ ಕೌ ಎಂದು ಹೆಸರಾದ ದೋಷವೇ ಸಾಕ್ಷಿ: ೨೦೦೭ರಿಂದ ಲಿನಕ್ಸ್‌ನಲ್ಲಿ ನೆಲೆಸಿದ್ದ ಅದು ೨೦೧೬ರಲ್ಲಿ ಪರಿಹೃತವಾಯಿತು. ಸಾವಿರ ಬಾರಿ ಸರಿಯಾಗಿ ನಡೆದ ಮಾತ್ರಕ್ಕೆ ಯೌಗಪದ್ಯದೋಷವಿಲ್ಲವೆಂದು ಸಿದ್ಧವಾಗುವುದಿಲ್ಲ.

ಹೊಸ ಆವೃತ್ತಿಯನ್ನು ಸ್ಥಾಪಿಸುವವರು ಎರಡು ವಿಷಯಗಳನ್ನು ನೆನಪಿನಲ್ಲಿಡತಕ್ಕದ್ದು. ಮೊದಲನೆಯದು, ತಿದ್ದಿದ ಲೈಬ್ರರಿಯು ಮುಂದಣ ಹಾನಿಯನ್ನು ತಡೆಯುವುದೇ ಹೊರತು ಈಗಾಗಲೇ ಕೆಟ್ಟ ಖಂಡಗಳನ್ನು ಉಜ್ಜೀವಿಸಲಾರದು. ಅದಕ್ಕೆ ಬೇರೆಡೆಯಲ್ಲಿ ಇರಿಸಿದ ಪ್ರತಿಯೇ ಗತಿ. ಎರಡನೆಯದು, ಈ ತಡೆಗಳ ಅಧಿಕಾರವು ಒಂದು ಯಂತ್ರದಲ್ಲಿ ನಡೆಯುವ ಒಂದೇ ಪ್ರಕ್ರಿಯೆಯೊಳಗೆ ಮಾತ್ರ. ಮೇಲಿನ ಉದಾಹರಣೆಯಲ್ಲಿ ಮಸ್ಕಿಯ ಯಂತ್ರವೊಂದೇ ಬಿಡಿಸುವ ಕೆಲಸವನ್ನು ಮಾಡುತ್ತಿದ್ದರೆ ರಕ್ಷೆಯುಂಟು. ಸಿಂಧನೂರಿನಲ್ಲೊಂದು, ಲಿಂಗಸುಗೂರಿನಲ್ಲೊಂದು ಯಂತ್ರವು ತಮ್ಮ ತಮ್ಮ ತಂತ್ರಾಂಶದಿಂದ ಅದೇ ಗೂಢಭಂಡಾರವನ್ನು ತೆರೆದರೆ, ಒಂದರ ತಡೆಯು ಇನ್ನೊಂದಕ್ಕೆ ಕಾಣದು. ಗೋಕ್ರಿಪ್ಟ್‌ಎಫ್‌ಎಸ್‌ನಲ್ಲಿ ಇಂತಹ ಹಂಚಿಕೆಗೆಂದೇ ಒಂದು ವಿಶೇಷ ವಿಧಾನವಿದ್ದರೂ, ಅದು ಸಂಪೂರ್ಣ ನಿರಪಾಯವೆಂದು ಅದರ ಕರ್ತೃಗಳೇ ಹೇಳುವುದಿಲ್ಲ. ಹಲವು ಊರುಗಳ ವಿದ್ವಾಂಸರು ಕೂಡಿ ಒಂದು ಗ್ರಂಥವನ್ನು ಪರಿಷ್ಕರಿಸುವಾಗ, ಬಿಡಿಸುವ ಯಂತ್ರವು ಒಂದೇ ಆಗಿರುವಂತೆ ವ್ಯವಸ್ಥೆಮಾಡಿಕೊಳ್ಳುವುದು ಯುಕ್ತ.